ಸಲಹೆಯ ಪುಟ, ಕತೆಯ ಪುಟ ಮತ್ತು ಹೆಣ್ಣಿನ ಬಿಡುವು

ಕನ್ನಡದ ಯಾವುದೇ ಪತ್ರಿಕೆಯ ಮಹಿಳಾ ಪುಟವನ್ನು ತೆರೆದು ನೋಡಿದರೂ ಒಂದು ಬಗೆಯ ಬರಹ ತಪ್ಪದೆ ಸಿಗುತ್ತದೆ. ಬೆಳಿಗ್ಗೆ ಬೇಗ ಏಳಿ, ಒಂದು ಲೋಟ ಬಿಸಿನೀರು ಕುಡಿಯಿರಿ, ಅರ್ಧ ಗಂಟೆ ನಡೆಯಿರಿ, ಸೊಪ್ಪು ತರಕಾರಿ ಹೆಚ್ಚು ತಿನ್ನಿ, ರಾತ್ರಿ ಏಳೆಂಟು ಗಂಟೆ ನಿದ್ದೆ ಮಾಡಿ, ದಿನದಲ್ಲಿ ಸ್ವಲ್ಪ ಹೊತ್ತನ್ನು ನಿಮಗಾಗಿಯೇ ಇಟ್ಟುಕೊಳ್ಳಿ. ಇದಕ್ಕೆಲ್ಲ ಖರ್ಚೇನೂ ಇಲ್ಲ ಎಂಬ ಮಾತು ಕೊನೆಯಲ್ಲಿ ಬಂದೇ ಬರುತ್ತದೆ. ಈಗ ಇದೇ ಸಲಹೆಗಳು ಮೊಬೈಲಿನ ಪುಟ್ಟ ಪರದೆಯ ಮೇಲೂ ದಿನವಿಡೀ ಓಡುತ್ತಿರುತ್ತವೆ.

ಈ ಸಲಹೆಗಳಲ್ಲಿ ತಪ್ಪೇನಿದೆ ಎಂದು ಕೇಳಬಹುದು. ವೈದ್ಯಕೀಯವಾಗಿ ನೋಡಿದರೆ ಹೆಚ್ಚೇನೂ ಇಲ್ಲ. ನಡಿಗೆ ಒಳ್ಳೆಯದು, ನಿದ್ದೆ ಒಳ್ಳೆಯದು, ಸೊಪ್ಪೂ ಒಳ್ಳೆಯದು. ಆದರೆ ವಿಮರ್ಶೆಯ ಪ್ರಶ್ನೆ ಬೇರೆ. ಯಾವುದೇ ಬರಹವು ತನ್ನ ಓದುಗರನ್ನು ಮೊದಲು ಕಲ್ಪಿಸಿಕೊಳ್ಳುತ್ತದೆ, ಆಮೇಲೆ ಮಾತನಾಡುತ್ತದೆ. ಈ ಪುಟಗಳ ‘ನೀವು’ ಯಾರು? ಬೆಳಿಗ್ಗೆ ಅರ್ಧ ಗಂಟೆ ಮನೆಯಿಂದ ಹೊರಗೆ ಹೋಗಲು ಯಾರ ಅಪ್ಪಣೆಯೂ ಬೇಡದವಳು. ಹೋಗಿ ಬರುವಷ್ಟರಲ್ಲಿ ಚಹಾ, ತಿಂಡಿ, ಮಕ್ಕಳ ಬುತ್ತಿ ಏನಾಗುತ್ತದೆ ಎಂದು ಯೋಚಿಸಬೇಕಿಲ್ಲದವಳು. ನಡೆಯಲು ಬೆಳಕಿರುವ, ಭಯವಿಲ್ಲದ ರಸ್ತೆಯುಳ್ಳವಳು. ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆಯುಳ್ಳವಳು. ಇಂಥ ಮಹಿಳೆಯರು ಇದ್ದಾರೆ. ಆದರೆ ಪತ್ರಿಕೆ ಓದುವ ಮಹಿಳೆಯರೆಲ್ಲ ಅವರಲ್ಲ. ಉಳಿದವರು ಈ ಪುಟವನ್ನು ಓದಿ ಮುಗಿಸಿದಾಗ ಅವರಲ್ಲಿ ಉಳಿಯುವುದು ಆರೋಗ್ಯವಲ್ಲ, ಅಪರಾಧ ಭಾವ. ಇಷ್ಟು ಸುಲಭದ್ದನ್ನೂ ನಾನು ಮಾಡಲಾರೆನಲ್ಲ ಎಂಬ ಭಾವ.

ಖರ್ಚಿಲ್ಲ ಎಂಬ ಮಾತನ್ನೇ ಸ್ವಲ್ಪ ಪರಿಶೀಲಿಸೋಣ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ಕಳೆಯುತ್ತಾರೆ, ಪುರುಷರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಲೆಕ್ಕ 299 ಮತ್ತು 97 ಇತ್ತು. ಅಂದರೆ ಐದು ವರ್ಷಗಳಲ್ಲಿ ಮಹಿಳೆಗೆ ಸಿಕ್ಕಿದ ಬಿಡುವು 10 ನಿಮಿಷ. ಅದೇ ಅವಧಿಯಲ್ಲಿ ಗಂಡಸಿನ ಪಾಲೂ 9 ನಿಮಿಷ ಇಳಿದಿದೆ. ಅವನು ಬಂದು ಕೈಜೋಡಿಸಿದ್ದರಿಂದ ಅವಳ ಹೊರೆ ಇಳಿಯಿತು ಎಂದು ಹೇಳುವಂತಿಲ್ಲ. ಹೀಗಿರುವಾಗ ಅರ್ಧ ಗಂಟೆಯ ನಡಿಗೆಗೆ ಖರ್ಚಿಲ್ಲ ಎನ್ನುವುದು ರೂಪಾಯಿಯ ಲೆಕ್ಕದಲ್ಲಿ ಮಾತ್ರ ನಿಜ. ನಿಮಿಷಗಳ ಲೆಕ್ಕದಲ್ಲಿ ಅದು ದುಬಾರಿ.

ಕರಾವಳಿಯ ಬೀಡಿ ಕಟ್ಟುವ ಹೆಂಗಸರ ವಿಷಯದಲ್ಲಂತೂ ಅದು ರೂಪಾಯಿಯ ಲೆಕ್ಕದಲ್ಲೂ ನಿಜವಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಸಾವಿರಾರು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು, ಬೆನ್ನು ಬಗ್ಗಿಸಿ ಬೀಡಿ ಕಟ್ಟುತ್ತಲೇ ಮಕ್ಕಳನ್ನು ಓದಿಸಿದ್ದಾರೆ. ಅವರ ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಎದ್ದು ಹತ್ತು ನಿಮಿಷ ಓಡಾಡಿದರೆ ಆ ಹತ್ತು ನಿಮಿಷದ ಬೀಡಿ ಕಡಿಮೆಯಾಗುತ್ತದೆ. ಅವರ ವಿಶ್ರಾಂತಿಗೆ ನಿಖರವಾದ ಬೆಲೆ ಇದೆ, ಅದು ವಾರದ ಪಟ್ಟಿಯಲ್ಲಿ ಕಾಣಿಸುತ್ತದೆ.

ಸಲಹೆ ಕೊಟ್ಟ ವೈದ್ಯೆ

ಮಹಿಳೆಯ ಆರೋಗ್ಯದ ಕುರಿತ ಕನ್ನಡ ಬರಹಕ್ಕೆ ಹಗುರವಲ್ಲದ ಒಂದು ಪರಂಪರೆ ಇದೆ ಎಂಬುದನ್ನು ಇಂದಿನ ಪುಟಗಳು ಮರೆತಂತಿವೆ. ಡಾ. ಅನುಪಮಾ ನಿರಂಜನ (1934-1991) ವೃತ್ತಿಯಿಂದ ವೈದ್ಯೆ, ಪ್ರವೃತ್ತಿಯಿಂದ ಕಾದಂಬರಿಕಾರ್ತಿ. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಮುಂತಾದ ಅವರ ಪುಸ್ತಕಗಳು ಕನ್ನಡದ ಮನೆಗಳಲ್ಲಿ ಮಾಡಿದ ಕೆಲಸ ಸಣ್ಣದಲ್ಲ. ಮುಟ್ಟು, ಬಸಿರು, ಹೆರಿಗೆ, ದಾಂಪತ್ಯ ಇವುಗಳ ಬಗ್ಗೆ ತಾಯಿ ಮಗಳ ನಡುವೆಯೂ ಮಾತು ನಡೆಯದಿದ್ದ ಕಾಲದಲ್ಲಿ ಅವರು ಅದನ್ನು ಅಚ್ಚಿನಲ್ಲಿ, ನಾಚಿಕೆಯಿಲ್ಲದೆ, ಅಶ್ಲೀಲವೂ ಆಗದಂತೆ ಹೇಳಿದರು. ಓದುವ ಹುಡುಗಿಗೆ ತನ್ನ ಮೈಯ ಅಂಗಗಳ ಹೆಸರು ಕನ್ನಡದಲ್ಲೇ ಸಿಕ್ಕಿತು.

ಅವರ ಬರಹಕ್ಕೂ ಇಂದಿನ ಸಲಹೆಯ ಪುಟಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅನುಪಮಾ ಓದುಗಳಿಗೆ ತಿಳಿವಳಿಕೆ ಕೊಟ್ಟರು. ಇಂದಿನ ಪುಟ ಅವಳಿಗೆ ದಿನಚರಿ ಕೊಡುತ್ತದೆ. ತಿಳಿವಳಿಕೆ ಇದ್ದವಳು ತನ್ನ ಪರಿಸ್ಥಿತಿಗೆ ತಕ್ಕಂತೆ ಅದನ್ನು ಬಳಸಿಕೊಳ್ಳುತ್ತಾಳೆ. ಬರೀ ದಿನಚರಿ ಸಿಕ್ಕಿದವಳಿಗೆ ಉಳಿಯುವುದು ಪಾಲಿಸುವುದು ಅಥವಾ ಸೋಲುವುದು, ಎರಡೇ ದಾರಿ.

ಹಾಗೆಂದು ಹಳೆಯದನ್ನು ಸುಮ್ಮನೆ ಹೊಗಳಿ ಕೂರಬೇಕಿಲ್ಲ. ಆ ಶೀರ್ಷಿಕೆಗಳನ್ನು ಸಾಲಾಗಿ ಇಟ್ಟು ನೋಡಿ: ಕಿಶೋರಿ, ವಧು, ದಂಪತಿ, ತಾಯಿ. ಹೆಣ್ಣಿನ ಆರೋಗ್ಯ ಅವಳ ಸಂಬಂಧಗಳ ಮೆಟ್ಟಿಲುಗಳನ್ನು ಹಿಡಿದೇ ಸಾಗುತ್ತದೆ. ಮದುವೆಯಾಗದವಳು, ಗಂಡ ಬಿಟ್ಟವಳು, ವಿಧವೆ, ಮುಟ್ಟು ನಿಂತು ಮೈ ಬಿಸಿಯೇರಿ ನಡುರಾತ್ರಿ ಎದ್ದು ಕೂರುವ ಐವತ್ತರ ಹೆಂಗಸು, ಇವರು ಈ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು? ಇದನ್ನು ಅನುಪಮಾ ಅವರೊಬ್ಬರ ಮಿತಿ ಎನ್ನುವುದು ಸರಿಯಲ್ಲ. ನಮ್ಮ ಸಮಾಜ ಹೆಣ್ಣನ್ನು ಗುರುತಿಸುತ್ತಿದ್ದ ಬಗೆಯೇ ಅದು, ಬಹುಮಟ್ಟಿಗೆ ಈಗಲೂ ಅದೇ. ಹೆತ್ತವಳ ಆರೋಗ್ಯ ಎಲ್ಲರಿಗೂ ಬೇಕು, ಯಾಕೆಂದರೆ ಮಗು ಇದೆ. ಹೆರುವ ಕಾಲ ದಾಟಿದವಳ ಮಂಡಿನೋವು ಯಾರಿಗೂ ಬೇಡ.

ಸ್ವಂತ ಆರೈಕೆ ಎಂಬ ಮಾತು ಪಶ್ಚಿಮದಿಂದ ಬಂದ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. ಅವರು ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್ 1988ರಲ್ಲಿ ‘ಎ ಬರ್ಸ್ಟ್ ಆಫ್ ಲೈಟ್’ ಎಂಬ ಪುಸ್ತಕದಲ್ಲಿ ತನ್ನನ್ನು ತಾನು ನೋಡಿಕೊಳ್ಳುವುದರ ಬಗ್ಗೆ ಬರೆದಾಗ ಅವರ ದೇಹವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ತನ್ನನ್ನು ಲೆಕ್ಕಕ್ಕಿಡದ ಸಮಾಜದಲ್ಲಿ ಬದುಕಿ ಉಳಿಯುವುದೇ ಒಂದು ಹೋರಾಟ ಎಂಬ ಅರ್ಥದಲ್ಲಿ ಅವರು ಆ ಮಾತನ್ನು ಹೇಳಿದರು. ಅನುಪಮಾ ಅವರೂ ಕ್ಯಾನ್ಸರ್ ಜೊತೆ ವರ್ಷಗಟ್ಟಲೆ ಹೋರಾಡುತ್ತಲೇ ಬರೆದವರು. ಇಬ್ಬರಿಗೂ ಪರಸ್ಪರ ಸಂಬಂಧವಿಲ್ಲ. ಆದರೆ ಈ ಮಾತಿನ ಮೂಲ ರೋಗ ಮತ್ತು ದಣಿವಿನಲ್ಲಿದೆಯೇ ಹೊರತು ಸುವಾಸನೆಯ ಸೋಪಿನಲ್ಲಿಲ್ಲ ಎಂಬುದು ಇಬ್ಬರ ಬದುಕಿನಿಂದಲೂ ತಿಳಿಯುತ್ತದೆ. ಮಾರುಕಟ್ಟೆ ಆ ಮಾತನ್ನು ಎತ್ತಿಕೊಂಡು ಕ್ರೀಮಿನ ಡಬ್ಬಿಯ ಮೇಲೆ ಅಂಟಿಸಿತು, ಅಷ್ಟೆ.

ಬಾಣಂತಿಯ ನಲವತ್ತು ದಿನ

ನಮ್ಮ ಸಂಪ್ರದಾಯ ಹೆಣ್ಣಿಗೆ ಬಿಡುವನ್ನು ಅಧಿಕೃತವಾಗಿ ಕೊಟ್ಟ ಒಂದೇ ಒಂದು ಸಂದರ್ಭವೆಂದರೆ ಬಾಣಂತನ. ಹಿಂದೂಗಳ ಮನೆಯಲ್ಲೂ ಮುಸ್ಲಿಮರ ಮನೆಯಲ್ಲೂ ತವರಿಗೆ ಕರೆದು, ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಹೊಟ್ಟೆಗೆ ಬಟ್ಟೆ ಕಟ್ಟಿ, ಬೇರೆಯೇ ಅಡುಗೆ ಮಾಡಿ ಹಾಕುವ ಆ ನಲವತ್ತು ದಿನಗಳಲ್ಲಿ ಯಾರೂ ಅವಳನ್ನು ‘ಏಕೆ ಮಲಗಿದ್ದೀಯಾ’ ಎಂದು ಕೇಳುವುದಿಲ್ಲ. ಅದರಲ್ಲಿ ಮೂಢ ಪಥ್ಯಗಳೂ ಇವೆ. ನೀರು ಕಡಿಮೆ ಕುಡಿಸುವುದು, ಸೊಪ್ಪು ಹಣ್ಣು ತಿನ್ನಗೊಡದಿರುವುದು, ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಹೊಗೆ ಹಾಕುವುದು ತಾಯಿ ಮಗು ಇಬ್ಬರಿಗೂ ಒಳ್ಳೆಯದಲ್ಲ. ಆದರೂ ಆರೈಕೆ ಎನ್ನುವುದು ಬೇರೊಬ್ಬರ ಕೈಗಳು ಮಾಡಬೇಕಾದ ಕೆಲಸ ಎಂಬ ತಿಳಿವು ಅದರಲ್ಲಿದೆ. ಸಲಹೆಯ ಪುಟಕ್ಕೆ ಹೊಳೆಯದೆ ಹೋದದ್ದು ಇದೇ.

ತ್ರಿವೇಣಿಯವರ ‘ಶರಪಂಜರ’ವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರವಾಗಿಸಿದಾಗ ಕಲ್ಪನಾ ಅವರ ಕಾವೇರಿ ಕನ್ನಡಿಗರ ಮನಸ್ಸಿನಲ್ಲಿ ನೆಲೆಯೂರಿದಳು. ಹೆರಿಗೆಯ ನಂತರ ಬರುವ ಮಾನಸಿಕ ಕಾಯಿಲೆಗೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಮನೆಗೆ ಮರಳಿದ ಮೇಲೆ ಅವಳನ್ನು ಮತ್ತೆ ಕುಸಿಯುವಂತೆ ಮಾಡುವುದು ರೋಗವೊಂದೇ ಅಲ್ಲ. ಅವಳು ನಕ್ಕರೂ ಅತ್ತರೂ ಅದರಲ್ಲಿ ಹುಚ್ಚನ್ನು ಹುಡುಕುವ ನೆರೆಹೊರೆ, ದೂರ ಸರಿದ ಗಂಡ, ಇವರೆಲ್ಲ ಸೇರಿ ಅವಳನ್ನು ಆ ಪಂಜರಕ್ಕೆ ಮರಳಿಸುತ್ತಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಕಾಯಿಲೆಯನ್ನು ಕಾಯಿಲೆಯಾಗಿಯೇ ಕಂಡರು, ದೆವ್ವವಾಗಿ ಅಲ್ಲ. ಅವರೇ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 35 ತುಂಬಿರಲಿಲ್ಲ.

‘ಶರಪಂಜರ’ದ ಬಗ್ಗೆ ನಾವು ಸಾಮಾನ್ಯವಾಗಿ ಹೇಳುವುದು ಅದು ಮನೋವೈಜ್ಞಾನಿಕ ಕಾದಂಬರಿ ಎಂದು. ಅದು ಆರೈಕೆಯ ಕಾದಂಬರಿಯೂ ಹೌದು. ಚಿಕಿತ್ಸೆ ಆಸ್ಪತ್ರೆಯಲ್ಲಿ ಮುಗಿಯುತ್ತದೆ, ಆರೈಕೆ ಮನೆಯಲ್ಲಿ ಶುರುವಾಗಬೇಕು, ಅದು ಶುರುವಾಗದಿದ್ದರೆ ಏನಾಗುತ್ತದೆ ಎಂಬುದೇ ಅದರ ವಸ್ತು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನೊಂದಿಗೇ ಸೇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು. ಕಾವೇರಿಗೆ ಇಲ್ಲದ ಈ ಸೌಲಭ್ಯಗಳು ನಮಗಿವೆ. ಆದರೆ ಕಾವೇರಿಯ ನೆರೆಹೊರೆಯವರು ನಮ್ಮ ಕಾಲದಲ್ಲೂ ಇದ್ದಾರೆ.

ಅನುಮತಿಯ ಪ್ರಶ್ನೆ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲ ಹಿಗ್ಗಿದರು. ದೀಪಾ ಭಾಸ್ತಿ ಅನುವಾದಿಸಿದ 12 ಕತೆಗಳ ಈ ಸಂಕಲನದ ಬಗ್ಗೆ ಧರ್ಮ, ಪುರುಷ ಪ್ರಾಧಾನ್ಯ, ಬಂಡಾಯ ಇವುಗಳ ಸುತ್ತ ಬಹಳ ಚರ್ಚೆ ನಡೆಯಿತು. ಅವು ಹೆಣ್ಣಿನ ಮೈಯ ದಣಿವಿನ ಕತೆಗಳೂ ಆಗಿವೆ ಎಂಬುದರ ಬಗ್ಗೆ ಅಷ್ಟು ಮಾತು ಬರಲಿಲ್ಲ.

ಶಾಯಿಸ್ತಾಳ ಕತೆಯನ್ನೇ ನೋಡಿ. ಗಂಡ ಅವಳ ಮೇಲಿನ ಪ್ರೀತಿಯನ್ನು ಎಲ್ಲರೆದುರು ಹಾಡಿ ಹೊಗಳುತ್ತಾನೆ, ಅವಳಿಗಾಗಿ ಮಹಲು ಕಟ್ಟಿಸುವ ಮಾತಾಡುತ್ತಾನೆ. ಹೆರಿಗೆಯ ಮೇಲೆ ಹೆರಿಗೆಯಾಗಿ ಅವಳು ಸತ್ತ ಮೇಲೆ ಅವನು ಮರುಮದುವೆಯಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಶಾಲೆ ಬಿಟ್ಟ ಹಿರಿಮಗಳು ಆಸಿಫಾ ತಮ್ಮ ತಂಗಿಯರಿಗೆ ತಾಯಿಯಾಗುತ್ತಾಳೆ. ಪ್ರೀತಿಯ ಮಾತು ಧಾರಾಳವಾಗಿರುವ ಮನೆಯಲ್ಲೂ ಆರೈಕೆ ಇಲ್ಲದಿರಬಹುದು, ಆ ಕೊರತೆಯ ಸಾಲವನ್ನು ಮಗಳು ತೀರಿಸಬೇಕಾಗಬಹುದು ಎಂಬುದನ್ನು ಈ ಕತೆ ಯಾವ ಭಾಷಣವೂ ಇಲ್ಲದೆ ಹೇಳುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿಯ ಕತೆಯಲ್ಲಿ ಗಂಡನ ಆಸೆಗಾಗಿ ಬಸುರಿ ಹೆಂಡತಿ ಆ ಚಪ್ಪಲಿ ತೊಟ್ಟು ನೋವಿನಿಂದ ನಡೆಯುತ್ತಾಳೆ. ಸೌಂದರ್ಯವನ್ನು ಆರೈಕೆಯೆಂದು ಮಾರುವ ಎಲ್ಲ ಜಾಹೀರಾತುಗಳಿಗೂ ಈ ಒಂದು ಕತೆ ಸಾಕಾದ ಉತ್ತರ.

‘ಕರಿನಾಗರಗಳು’ ಕತೆ ಇನ್ನೂ ಮುಂದೆ ಹೋಗುತ್ತದೆ. ಗಿರೀಶ ಕಾಸರವಳ್ಳಿ ಇದನ್ನು ಆಧರಿಸಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ಬಿಟ್ಟುಹೋದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳುವ ಕತೆಯೆಂದೇ ಎಲ್ಲರ ನೆನಪಿನಲ್ಲಿದೆ. ಆದರೆ ಮೂಲ ಕತೆಯಲ್ಲಿ ನ್ಯಾಯ ಹೇಳಬೇಕಾದ ಮುತವಲ್ಲಿಯ ಮನೆಯಲ್ಲೇ ಇನ್ನೊಬ್ಬ ಹೆಂಗಸಿದ್ದಾಳೆ, ಅವನ ಹೆಂಡತಿ ಅಮೀನಾ. ಹೆತ್ತು ಹೆತ್ತು ಬಳಲಿದ ಅವಳು ಕೊನೆಗೆ ಗಂಡನ ಒಪ್ಪಿಗೆಗೆ ಕಾಯದೆ ಮಕ್ಕಳಾಗದ ಆಪರೇಷನ್‌ಗೆ ಹೊರಟುನಿಲ್ಲುತ್ತಾಳೆ. ಕನ್ನಡ ಕಥನದಲ್ಲಿ ಸ್ವಂತ ಆರೈಕೆಗೆ ಇಷ್ಟು ಬಲವಾದ ಇನ್ನೊಂದು ಚಿತ್ರ ಸುಲಭವಾಗಿ ಸಿಗದು. ಅಮೀನಾ ಘೋಷಣೆ ಕೂಗುವುದಿಲ್ಲ. ತನ್ನ ಮೈ ತನ್ನದೆಂದು ನಡೆದು ತೋರಿಸುತ್ತಾಳೆ.

ಆದರೆ ಈ ಬಿಡುಗಡೆಯ ಇನ್ನೊಂದು ಮುಖವನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂತಾನ ನಿಯಂತ್ರಣಕ್ಕೆ ಮಹಿಳೆಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ಶೇ. 37.9, ಪುರುಷನ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 0.3. ಗಂಡಸಿನ ಆಪರೇಷನ್ ಸರಳ, ಬೇಗ ಗುಣವಾಗುವಂಥದ್ದು. ಆದರೂ ಹೊಟ್ಟೆ ಕೊಯ್ಸಿಕೊಳ್ಳುವವಳು ಅವಳೇ. ಇಲ್ಲಿ ಜಾತಿ ಮತಗಳ ಭೇದವಿಲ್ಲ. ಎಲ್ಲ ಸಮುದಾಯಗಳ ಅಮೀನಾಗಳೂ ಒಬ್ಬರೇ ಆಸ್ಪತ್ರೆಗೆ ನಡೆಯುತ್ತಿದ್ದಾರೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳಿಂದ ಬಾನು ಅವರ ಅಮೀನಾವರೆಗೆ ನಡೆದು ಬಂದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಾದಿರಾಳ ಬದುಕನ್ನು ತಂದೆಯ ಹಟ, ಗಂಡನ ನಿರ್ಧಾರ, ಊರಿನ ತೀರ್ಪು ಕೈಯಿಂದ ಕೈಗೆ ದಾಟಿಸುತ್ತವೆ, ಕೊನೆಗೆ ಮಸೀದಿಯ ಕೊಳ ಅವಳನ್ನು ತೆಗೆದುಕೊಳ್ಳುತ್ತದೆ. ಅಮೀನಾ ಬದುಕುವ ಕಡೆಗೆ ಹೊರಡುತ್ತಾಳೆ. ಇದು ಕನ್ನಡ ಕಥನ ಕ್ರಮಿಸಿದ ದೊಡ್ಡ ದೂರ.

ಹಾಗಿದ್ದೂ ಈ ಸಾಹಿತ್ಯದ ಬಗ್ಗೆ ಒಂದು ದೂರು ಹೇಳಲೇಬೇಕು. ನಮ್ಮ ಕತೆಗಳಲ್ಲಿ ಹೆಣ್ಣು ಒಂದೋ ನಲುಗುತ್ತಾಳೆ ಇಲ್ಲವೇ ಸಿಡಿದೇಳುತ್ತಾಳೆ. ಇವೆರಡರ ನಡುವೆ ಸಾವಿರಾರು ಸಾಮಾನ್ಯ ಮಧ್ಯಾಹ್ನಗಳಿವೆ. ಪಾತ್ರೆ ತೊಳೆದಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದ ಮನೆಯವಳೊಡನೆ ಜಗಲಿಯಲ್ಲಿ ಕೂತು ನಗುವ ಹೊತ್ತು. ಆ ಹೊತ್ತಿಗೆ ಕತೆಯಾಗುವ ಯೋಗ್ಯತೆ ಇಲ್ಲವೆಂದು ನಾವು ಯಾಕೆ ತೀರ್ಮಾನಿಸಿದ್ದೇವೆ?

ವೈದೇಹಿ ಈ ವಿಷಯದಲ್ಲಿ ಭಿನ್ನ. ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯಲ್ಲಿ ಊರಿಗೆ ಟಾಕೀಸು ಬಂದಾಗ ಹೆಂಗಸರ ಬದುಕಿನಲ್ಲಿ ಏಳುವ ಅಲೆಗಳನ್ನು ಅವರು ತಮಾಷೆಯಾಗಿ, ಅಕ್ಕರೆಯಿಂದ ಹಿಡಿದಿದ್ದಾರೆ. ಸಿನಿಮಾ ನೋಡಲು ಹೊರಡುವುದೆಂದರೆ ಅಡುಗೆಮನೆಯಿಂದ ಹೊರಗೆ ಕಾಲಿಡುವುದು, ಬೇರೆ ಹೆಂಗಸರ ನಡುವೆ ಕತ್ತಲಲ್ಲಿ ಕೂತು ಧಾರಾಳವಾಗಿ ಅಳುವುದು, ನಗುವುದು. ಇದನ್ನು ಆಧರಿಸಿ ಕಾಸರವಳ್ಳಿ 2008ರಲ್ಲಿ ತೆರೆಗೆ ತಂದ ‘ಗುಲಾಬಿ ಟಾಕೀಸ್’ನಲ್ಲಿ ಗುಲಾಬಿ ಮುಸ್ಲಿಂ ಸೂಲಗಿತ್ತಿ. ಉಮಾಶ್ರೀ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಊರಿನ ಎಲ್ಲರ ಹೆರಿಗೆ ಮಾಡಿಸುವ, ಸ್ವಂತಕ್ಕೆ ಯಾರೂ ಇಲ್ಲದ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಅವಳ ಮನೆಗೆ ಬಣ್ಣದ ಟಿ.ವಿ. ಬಂದಾಗ ಮೀನುಗಾರರ ಆ ಊರಿನ ಹೆಂಗಸರು ಜಾತಿ ಮತ ಮರೆತು ಅವಳ ಮನೆಯಲ್ಲಿ ಸೇರುತ್ತಾರೆ. ಎಲ್ಲರ ಆರೈಕೆ ಮಾಡುವವಳ ಆರೈಕೆ ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಆ ಟಿ.ವಿ.ಯ ಮುಂದಿನ ಗುಂಪು ಸ್ವಲ್ಪ ಕಾಲದ ಉತ್ತರವಾಗುತ್ತದೆ. ಕೋಮುದ್ವೇಷ ಊರಿಗೆ ಬಂದಾಗ ಮೊದಲು ಒಡೆಯುವುದೂ ಆ ಗುಂಪೇ. ಹೆಣ್ಣಿನ ನೆಮ್ಮದಿಗೆ ಊರಿನ ಸೌಹಾರ್ದವೂ ಬೇಕು ಎಂಬ ಸತ್ಯ ಯಾವ ಆರೋಗ್ಯ ಅಂಕಣದಲ್ಲೂ ಬಂದಿಲ್ಲ. ಈ ಚಿತ್ರದಲ್ಲಿ ಬಂದಿದೆ.

ನಿಜಕ್ಕೂ ಕೈಗೆಟಕುವುದು ಯಾವುದು?

ಹಾಗಾದರೆ ಸಲಹೆಯ ಪುಟವನ್ನು ಹರಿದು ಹಾಕಬೇಕೆ? ಬೇಡ. ಅದನ್ನು ತಿದ್ದಿ ಬರೆಯಬೇಕು. ಕೆಲವು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ರಕ್ತಹೀನತೆ. ಅದೇ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ನಾವು ಸೋಮಾರಿತನ, ಸಿಡುಕು, ನೆಪ ಎಂದು ಕರೆಯುವ ಎಷ್ಟೋ ದಣಿವು ರಕ್ತದ ಕೊರತೆ ಇರಬಹುದು. ರಕ್ತ ಪರೀಕ್ಷೆ ಮತ್ತು ಕಬ್ಬಿಣಾಂಶದ ಮಾತ್ರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಊಟದ ಜೊತೆಗೆ, ಅದರ ಬೆನ್ನಿಗೆ ಚಹಾ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆ, ನೆಲ್ಲಿ, ಸೀಬೆಯಂಥವು ಜೊತೆಗಿದ್ದರೆ ಹೆಚ್ಚುತ್ತದೆ. ಇದು ಒಳ್ಳೆಯ, ಅಗ್ಗದ ಸಲಹೆ. ಆದರೆ ಪುಟ ಇಲ್ಲಿಗೆ ನಿಲ್ಲಬಾರದು. ಎಲ್ಲರೂ ಉಂಡು ಎದ್ದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಉಣ್ಣುವವಳಿಗೆ ಹುರುಳಿ, ಮೊಟ್ಟೆ, ಮೀನಿನ ಪಾಲು ಎಷ್ಟು ಸಿಗುತ್ತದೆ ಎಂದೂ ಕೇಳಬೇಕು. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಬಹುಶಃ ಮಾತ್ರೆಯಷ್ಟೇ ಮುಖ್ಯವಾದ ಚಿಕಿತ್ಸೆ.

ಎರಡನೆಯದು ನೀರು. ಹೆಚ್ಚು ನೀರು ಕುಡಿಯಿರಿ ಎನ್ನುತ್ತದೆ ಪುಟ. ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಹುಡುಗಿ, ಸಂತೆಯಲ್ಲಿ ತರಕಾರಿ ಮಾರುವವಳು, ಶೌಚಾಲಯವಿಲ್ಲದ ಕಡೆ ದುಡಿಯುವವಳು ಬೇಕೆಂದೇ ನೀರು ಕುಡಿಯುವುದಿಲ್ಲ. ಮೂತ್ರದ ಸೋಂಕು ಅವರನ್ನು ಬಿಡದೆ ಕಾಡುವುದಕ್ಕೆ ಇದೊಂದು ಕಾರಣ. ಅವರಿಗೆ ಬೇಕಾದ್ದು ನೀರಿನ ಮಹತ್ವದ ಪಾಠವಲ್ಲ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಶುಚಿಯಾದ ಶೌಚಾಲಯ. ಈ ಸಲಹೆಯನ್ನು ಅಂಗಡಿ ಮಾಲೀಕರಿಗೆ, ಪಂಚಾಯತಿಗೆ, ಪುರಸಭೆಗೆ ಬರೆಯಬೇಕು.

ಮೂರನೆಯದು ಮುಟ್ಟಿನ ಬಟ್ಟೆ. ಹತ್ತಿಯ ಬಟ್ಟೆಯನ್ನು ಸೋಪು ಹಾಕಿ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಅದು ಸುರಕ್ಷಿತ, ಖರ್ಚೂ ಇಲ್ಲ. ಆದರೆ ಬಿಸಿಲಿನಲ್ಲಿ ಒಣಗಿಸಬೇಕಾದರೆ ಅದು ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಅದಕ್ಕೇ ಅದು ಬಚ್ಚಲ ಮೂಲೆಯಲ್ಲಿ, ಲಂಗದ ಅಡಿಯಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಇಲ್ಲಿ ಕೊರತೆ ಇರುವುದು ಬಿಸಿಲಿನದಲ್ಲ. ಮನೆಯ ಗಂಡಸರು ಆ ಬಟ್ಟೆಯನ್ನು ಟವಲಿನಂತೆ ಸಹಜವಾಗಿ ಕಾಣಲು ಕಲಿತರೆ ಈ ಸಮಸ್ಯೆ ನಾಳೆಯೇ ಮುಗಿಯುತ್ತದೆ.

ನಾಲ್ಕನೆಯದು ತಪಾಸಣೆ. ಮೂವತ್ತು ದಾಟಿದ ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಸರಕಾರಿ ವ್ಯವಸ್ಥೆಯಲ್ಲೇ ಉಚಿತವಾಗಿ ಮಾಡುವ ಕಾರ್ಯಕ್ರಮವಿದೆ. ಆದರೂ 2019-21ರಲ್ಲಿ 30ರಿಂದ 49 ವಯಸ್ಸಿನವರಲ್ಲಿ ಗರ್ಭಕಂಠದ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ದೇಶದಲ್ಲಿ ಶೇ. 1.9 ಮಾತ್ರ. ಸಂಕೋಚ, ಭಯ, ಮಹಿಳಾ ವೈದ್ಯರು ಇರುತ್ತಾರೋ ಇಲ್ಲವೋ ಎಂಬ ಅನುಮಾನ, ಜೊತೆಗೆ ಬರುವವರಿಲ್ಲದಿರುವುದು, ಎಲ್ಲವೂ ಸೇರಿ ಬಾಗಿಲಲ್ಲೇ ತಡೆಯುತ್ತವೆ. ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ನೆರೆಯ ನಾಲ್ವರು ಹೆಂಗಸರು ಒಟ್ಟಿಗೆ ಒಂದು ದಿನ ಆಸ್ಪತ್ರೆಗೆ ಹೋಗಿ ಬರುವುದು ಈಗ ಹಿಂದಿಗಿಂತ ಸುಲಭ. ಬರುವಾಗ ದಾರಿಯಲ್ಲಿ ಕೂತು ಒಂದು ಲೋಟ ಕಬ್ಬಿನ ಹಾಲು ಕುಡಿದರೆ ಅದೂ ಆರೈಕೆಯೇ.

ಕೊನೆಯದು ರಜೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ನೀಡಿತು. ಮುಟ್ಟಿನ ನೋವನ್ನು ಸರಕಾರ ಕಾಗದದ ಮೇಲೆ ಒಪ್ಪಿಕೊಂಡದ್ದೇ ದೊಡ್ಡದು. ಆದರೆ ಮೊರದ ಮುಂದೆ ಕೂತ ಬೀಡಿ ಕಾರ್ಮಿಕಳಿಗೆ, ಮನೆಗೆಲಸದವಳಿಗೆ, ಸ್ವಂತ ಮನೆಯ ಅಡುಗೆಯವಳಿಗೆ ರಜಾ ಚೀಟಿಗೆ ಸಹಿ ಹಾಕುವವರು ಯಾರು?

ಈ ಪ್ರಶ್ನೆಗೆ ಉತ್ತರ ಸರಕಾರದ ಬಳಿ ಪೂರ್ತಿಯಾಗಿ ಇಲ್ಲ. ಅದು ಮನೆಯೊಳಗೇ ಇದೆ. ಮಹಿಳಾ ಪುಟವನ್ನು ಮಹಿಳೆಯರೇ ಓದಬೇಕೆಂಬ ನಿಯಮವನ್ನು ಸಂಪಾದಕರು ಮೊದಲು ಮುರಿಯಬೇಕು. ‘ನಿಮ್ಮ ಹೆಂಡತಿ, ತಾಯಿ, ಅತ್ತಿಗೆ ಇಂದು ಎಷ್ಟು ಹೊತ್ತಿಗೆ ಊಟ ಮಾಡಿದರು?’ ಎಂದು ಗಂಡಸಿಗೆ ಕೇಳುವ ಒಂದು ಅಂಕಣ ನಮಗೆ ಬೇಕಾಗಿದೆ. ರಾತ್ರಿಯ ಪಾತ್ರೆಗಳನ್ನು ಮಗ ತೊಳೆದರೆ ತಾಯಿಯ ನಿದ್ದೆಗೆ ಅರ್ಧ ಗಂಟೆ ಸೇರುತ್ತದೆ ಎಂಬ ಸರಳ ಗಣಿತವನ್ನು ಬರೆಯುವ ವೈದ್ಯರು ಬೇಕಾಗಿದ್ದಾರೆ. ಕತೆಗಾರರು ಅಮೀನಾಳನ್ನು ಆಸ್ಪತ್ರೆಯ ಬಾಗಿಲಿನವರೆಗೆ ತಂದು ಬಿಟ್ಟಿದ್ದಾರೆ. ಅವಳು ಮನೆಗೆ ಮರಳಿ ಮಲಗಿದಾಗ ಅವಳ ಕೈಗೆ ಗಂಜಿಯ ಬಟ್ಟಲು ಕೊಡುವವರು ಯಾರು ಎಂಬ ಕತೆಯನ್ನು ಇನ್ನು ಬರೆಯಬೇಕಾಗಿದೆ.